18446744073709551615: ಪದೇ ಪದೇ ಕೇಳುವ ಪ್ರಶ್ನೆಗಳು

ಚದುರಂಗದ ಅಕ್ಕಿ ಕಥೆ (ಹಲಗೆಯ ಮೊದಲ ಮನೆಗೆ ಒಂದು ಕಾಳು, ಮುಂದಿನದಕ್ಕೆ ಎರಡು, ಆಮೇಲೆ ನಾಲ್ಕು, ಹೀಗೆ 64 ಮನೆಗೂ ದುಪ್ಪಟ್ಟು ಮಾಡುತ್ತಾ ಹೋಗುವುದು) ಗೊತ್ತಿರುವ ಎಲ್ಲರೂ ಈ ಸಂಖ್ಯೆಯನ್ನು ಒಂದು ಸಲವಾದರೂ ನೋಡಿರುತ್ತಾರೆ. "ಅಬ್ಬಾ, ಎಷ್ಟು ದೊಡ್ಡದು" ಅಂದು ಅಲ್ಲಿಗೇ ಬಿಟ್ಟುಬಿಡುತ್ತಾರೆ. ನನಗೆ ಅದೇ ಬೇಜಾರು. ಇದರ ಗಾತ್ರಕ್ಕಿಂತ ಇದರ ಹೊಟ್ಟೆಯೊಳಗೆ ಏನಿದೆ ಅನ್ನುವುದು ಜಾಸ್ತಿ ಚೆನ್ನಾಗಿದೆ. ಅದಕ್ಕೇ ಇಷ್ಟು ಉದ್ದ ಬರೆದಿದ್ದೇನೆ.

ಇದು ಯಾವ ಸಂಖ್ಯೆ? ಸುಮ್ನೆ ಕೀಬೋರ್ಡ್ ಮೇಲೆ ಕೈಯಾಡಿಸಿದ ಹಾಗಿದೆಯಲ್ಲ?

ಹಾಗೆ ಕಾಣುತ್ತದೆ, ಆದರೆ ಅಲ್ಲ. 64 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಸಿಗುವುದು ಇದು. ಅಂದರೆ 2⁶⁴ − 1.

ಇದನ್ನೇ ಇನ್ನೊಂದು ರೀತಿಯಲ್ಲೂ ಪಡೆಯಬಹುದು. 1 + 2 + 4 + 8 + 16 ಅಂತ ಪ್ರತಿ ಸಲ ದುಪ್ಪಟ್ಟು ಮಾಡುತ್ತಾ 64 ಸಂಖ್ಯೆಗಳನ್ನು ಕೂಡಿಸಿ. ಅದೇ ಉತ್ತರ. ಯಾಕೆ ಅಂತೀರಾ? ಆ ಮೊತ್ತಕ್ಕೆ ಹೊರಗಿನಿಂದ ಒಂದೇ ಒಂದು ಸೇರಿಸಿ ನೋಡಿ. 1 ಮತ್ತು 1 ಸೇರಿ 2 ಆಯ್ತು, ಅದು ಪಕ್ಕದ 2ರ ಜೊತೆ ಸೇರಿ 4, ಅದು ಪಕ್ಕದ 4ರ ಜೊತೆ ಸೇರಿ 8, ಹೀಗೆ ಕೊನೆಯವರೆಗೂ ಎಲ್ಲವೂ ಒಂದರೊಳಗೊಂದು ಸೇರಿಕೊಂಡು 2⁶⁴ ಆಗಿ ನಿಲ್ಲುತ್ತದೆ. ನಾವು ಹೊರಗಿನಿಂದ ತಂದ ಒಂದನ್ನು ವಾಪಸ್ ತೆಗೆದರೆ 2⁶⁴ − 1. ಸೂತ್ರವೇ ಬೇಡ.

ಈ "ಒಂದು ಕಡಿಮೆ" ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಕೆಳಗೆ ಬರುವ ಹೆಚ್ಚಿನ ಉತ್ತರಗಳು ಅಲ್ಲಿಂದಲೇ ಹುಟ್ಟುತ್ತವೆ.

ಇದನ್ನು ಕನ್ನಡದಲ್ಲಿ ಓದುವುದು ಹೇಗೆ?

ನಮ್ಮ ಪದ್ಧತಿಯಲ್ಲಿ ಅಲ್ಪವಿರಾಮ ಹಾಕಿದರೆ 1,84,46,74,40,73,70,95,51,615. ಒಟ್ಟು 20 ಅಂಕಿ. ಕೋಟಿ ಲೆಕ್ಕದಲ್ಲಿ ಓದುವುದಾದರೆ: ಒಂದು ಲಕ್ಷದ ಎಂಬತ್ತನಾಲ್ಕು ಸಾವಿರದ ನಾನೂರ ಅರವತ್ತೇಳು ಕೋಟಿ ಕೋಟಿ, ನಲವತ್ತನಾಲ್ಕು ಲಕ್ಷದ ಏಳು ಸಾವಿರದ ಮುನ್ನೂರ ಎಪ್ಪತ್ತು ಕೋಟಿ, ತೊಂಬತ್ತೈದು ಲಕ್ಷದ ಐವತ್ತೊಂದು ಸಾವಿರದ ಆರುನೂರ ಹದಿನೈದು.

"ಕೋಟಿ ಕೋಟಿ" ಅನ್ನದೆ ಓದಲು ಆಗುವುದಿಲ್ವಾ ಅಂದರೆ, ಆಗುತ್ತದೆ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಏಕದಿಂದ ಶುರುವಾಗಿ ಮಹಾಕ್ಷೋಭದವರೆಗೆ. ಅದರಲ್ಲಿ ಇಪ್ಪತ್ತನೆಯದು ಮಹಾಶಂಖ. ಹಾಗಾಗಿ ನಮ್ಮ ಸಂಖ್ಯೆಯ ಮೊದಲ ಅಂಕಿ 1 ಮಹಾಶಂಖದ ಸ್ಥಾನದಲ್ಲಿ, ಅದರ ಪಕ್ಕದ 8 ಶಂಖದ ಸ್ಥಾನದಲ್ಲಿ ಕೂರುತ್ತದೆ. ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಬರೆದ ಪಟ್ಟಿಯಲ್ಲಿ ಈ ಸಂಖ್ಯೆ ಹಿಡಿಸಿ ಇನ್ನೂ ನಾಲ್ಕು ಸ್ಥಾನ ಖಾಲಿ ಉಳಿಯುತ್ತದೆ.

64 ಸಲ ಗುಣಿಸದೆ, ಪೆನ್ನು ಕಾಗದದಲ್ಲೇ ಇದನ್ನು ಕಂಡುಹಿಡಿಯಬಹುದಾ?

ಬಹುದು. ಆರೇ ಗುಣಾಕಾರ ಸಾಕು. ಪ್ರತಿ ಸಲ ವರ್ಗ ಮಾಡುತ್ತಾ ಹೋಗಿ:

2, 4, 16, 256, 65,536, 4,29,49,67,296, ಆಮೇಲೆ 2⁶⁴.

64ನ್ನು ಅರ್ಧ ಮಾಡುತ್ತಾ ಹೋದರೆ 32, 16, 8, 4, 2, 1 ಅಂತ ಆರೇ ಹೆಜ್ಜೆ, ಅದಕ್ಕೇ ಆರು ವರ್ಗ. ಘಾತ ಬೆಸಸಂಖ್ಯೆಯಾಗಿದ್ದರೆ ಒಂದು ಕಳೆದು, ಆ ಜಾಗದಲ್ಲಿ ಒಂದು ಸಲ ಎರಡರಿಂದ ಗುಣಿಸಬೇಕು, ಅಷ್ಟೇ. ಈ ಉಪಾಯ ಹೊಸದೇನಲ್ಲ. ಪಿಂಗಳನ ಛಂದಃಶಾಸ್ತ್ರದಲ್ಲಿ ಲಘು ಗುರುಗಳನ್ನು ಎಷ್ಟು ರೀತಿ ಜೋಡಿಸಬಹುದು ಅಂತ ಎಣಿಸಲು ಇದೇ ವಿಧಾನ ಬರುತ್ತದೆ. ಮಹಾವೀರಾಚಾರ್ಯನೂ ಗುಣೋತ್ತರ ಶ್ರೇಢಿಯ ಲೆಕ್ಕಕ್ಕೆ ಇದನ್ನೇ ಹೇಳುತ್ತಾನೆ.

ಕೊನೆಯ ವರ್ಗ ಸ್ವಲ್ಪ ಕಷ್ಟ ಅನ್ನಿಸಬಹುದು, ಅದನ್ನು ಬಿಡಿಸಿ ತೋರಿಸುತ್ತೇನೆ. 4,29,49,67,296ನ್ನು ಎರಡು ತುಂಡು ಮಾಡಿ: 42,949 ಲಕ್ಷ ಮತ್ತು 67,296.

42,949ರ ವರ್ಗ 1,84,46,16,601. ಇದರ ಮುಂದೆ ಹತ್ತು ಸೊನ್ನೆ.
ಎರಡೂ ತುಂಡುಗಳ ಗುಣಲಬ್ಧದ ದುಪ್ಪಟ್ಟು 5,78,05,91,808. ಇದರ ಮುಂದೆ ಐದು ಸೊನ್ನೆ.
67,296ರ ವರ್ಗ 4,52,87,51,616.

ಈಗ ಕೂಡಿಸಿ:

1,84,46,16,60,10,00,00,00,000
+ 57,80,59,18,08,00,000
+ 4,52,87,51,616
= 1,84,46,74,40,73,70,95,51,616

ಒಂದು ಕಳೆಯಿರಿ, ಮುಗೀತು. ಒಮ್ಮೆ ಕೈಯಾರೆ ಮಾಡಿ ನೋಡಿ ಅಂತ ನಿಜವಾಗಿಯೂ ಕೇಳಿಕೊಳ್ಳುತ್ತೇನೆ. ಕ್ಯಾಲ್ಕುಲೇಟರ್ ಕೊಟ್ಟ ಉತ್ತರಕ್ಕೂ ನೀವೇ ಹುಟ್ಟಿಸಿದ ಉತ್ತರಕ್ಕೂ ಬಹಳ ವ್ಯತ್ಯಾಸವಿದೆ.

ಇದು ಅವಿಭಾಜ್ಯ ಸಂಖ್ಯೆಯಾ?

ಅಲ್ಲ. ಕೊನೆಯ ಅಂಕಿ 5, ಅಲ್ಲಿಗೇ ಗೊತ್ತಾಗುತ್ತದೆ. ಅಂಕಿಗಳ ಮೊತ್ತ 87, ಅದು 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ. ಹಾಗಾಗಿ ಇದನ್ನೂ 3 ಭಾಗಿಸುತ್ತದೆ, 9 ಭಾಗಿಸುವುದಿಲ್ಲ.

ಅಂಕಿ ನೋಡದೆಯೂ ಹೇಳಬಹುದು. 2ರ ಘಾತದಲ್ಲಿ ಒಂದು ಕಳೆದದ್ದು ಅವಿಭಾಜ್ಯ ಆಗಬೇಕಾದರೆ ಆ ಘಾತವೇ ಅವಿಭಾಜ್ಯವಾಗಿರಬೇಕು. 64 ಅಲ್ಲ, ಹಾಗಾಗಿ ಆಸೆಯೇ ಇಲ್ಲ. ಹತ್ತಿರದಲ್ಲಿರುವ 61 ಅವಿಭಾಜ್ಯ, ಮತ್ತು 2⁶¹ − 1 ನಿಜಕ್ಕೂ ಅವಿಭಾಜ್ಯವೇ. ರಷ್ಯಾದ ಪೆರ್ವುಶಿನ್ 1883ರಲ್ಲಿ ಅದನ್ನು ತೋರಿಸಿದರು. ಘಾತ ಅವಿಭಾಜ್ಯವಾಗಿದ್ದರೆ ಸಾಕು ಅಂದುಕೊಳ್ಳಬೇಡಿ. 2¹¹ − 1 ಅಂದರೆ 2047, ಅದು 23 × 89.

ಹಾಗಾದರೆ ಇದರ ಅಪವರ್ತನಗಳು ಯಾವುವು?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಎಂಟನೇ ಕ್ಲಾಸಿನ ಬೀಜಗಣಿತ ಸಾಕು: a² − b² = (a + b)(a − b). 2⁶⁴ ಒಂದು ವರ್ಗ, 1 ಕೂಡ ವರ್ಗ. ಹಾಗಾಗಿ

2⁶⁴ − 1 = (2³² + 1)(2³² − 1).

ಬಲಗಡೆ ಇರುವ 2³² − 1 ಮತ್ತೆ ಅದೇ ರೂಪದಲ್ಲಿದೆ! ಅದನ್ನೂ ಒಡೆಯಿರಿ. ಮತ್ತೆ ಒಡೆಯಿರಿ. ಒಡೆಯುತ್ತಾ ಹೋದರೆ ಕೊನೆಗೆ ಉಳಿಯುವುದು

3 × 5 × 17 × 257 × 65,537 × 4,29,49,67,297.

ಪ್ರತಿಯೊಂದೂ ಮೇಲಿನ ಸಾಲಿನಲ್ಲಿ ಬಂದ 2, 4, 16, 256, 65,536, 4,29,49,67,296 ಇವುಗಳಿಗೆ ಒಂದು ಸೇರಿಸಿದ್ದು. ಇಪ್ಪತ್ತು ಅಂಕಿಯ ಸಂಖ್ಯೆಯೊಂದನ್ನು ಒಂದೇ ಸೂತ್ರದಿಂದ ಇಷ್ಟು ಸಲೀಸಾಗಿ ಒಡೆಯಲು ಸಿಗುವುದು ಅಪರೂಪ. ಇವುಗಳನ್ನು ಫರ್ಮಾ ಸಂಖ್ಯೆಗಳು ಅಂತ ಕರೆಯುತ್ತಾರೆ, 17ನೇ ಶತಮಾನದ ಫ್ರಾನ್ಸಿನ ಪಿಯರ್ ಡಿ ಫರ್ಮಾ ಹೆಸರಿನಲ್ಲಿ. ಮೊದಲ ಐದೂ ಅವಿಭಾಜ್ಯ. ಅದನ್ನು ನೋಡಿ ಫರ್ಮಾ, ಈ ಸಾಲಿನಲ್ಲಿ ಬರುವುದೆಲ್ಲವೂ ಅವಿಭಾಜ್ಯವೇ ಅಂತ ನಂಬಿದ್ದ. ಆದರೆ 1732ರಲ್ಲಿ ಗಣಿತಜ್ಞ ಆಯ್ಲರ್ ಆರನೆಯದನ್ನು ಒಡೆದು ತೋರಿಸಿದ:

4,29,49,67,297 = 641 × 67,00,417.

ಹಾಗಾಗಿ ಪೂರ್ತಿ ಉತ್ತರ: 3 × 5 × 17 × 257 × 641 × 65,537 × 67,00,417. ಏಳು ಅವಿಭಾಜ್ಯಗಳು, ಯಾವುದೂ ಎರಡು ಸಲ ಬರುವುದಿಲ್ಲ.

ಫರ್ಮಾ ಸಂಖ್ಯೆಗಳಲ್ಲಿ ಇವತ್ತಿಗೂ ಗೊತ್ತಿರುವ ಅವಿಭಾಜ್ಯಗಳು ಆ ಮೊದಲ ಐದೇ. ಆ ಐದೂ ನಮ್ಮ ಸಂಖ್ಯೆಯೊಳಗೇ ಕೂತಿವೆ ಅನ್ನುವುದು ಎಷ್ಟು ಚೆನ್ನಾಗಿದೆ ಅಲ್ವಾ?

641 ಎಲ್ಲಿಂದ ಬಂತು? ಸುಮ್ನೆ ಒಂದೊಂದೇ ಭಾಗಿಸಿ ನೋಡಿದರಾ?

ಇಲ್ಲ. 2³² + 1ಕ್ಕೆ ಅಪವರ್ತನ ಅಂತ ಇದ್ದರೆ ಅದು 64ರ ಗುಣಕಕ್ಕೆ ಒಂದು ಸೇರಿಸಿದ ರೂಪದಲ್ಲೇ ಇರಬೇಕು ಅಂತ ಆಯ್ಲರ್ ಆಮೇಲೆ ಸಾಧಿಸಿದ. ಅಂದರೆ 65, 129, 193, 257 ಹೀಗೆ. ಇದರಲ್ಲಿ ಅವಿಭಾಜ್ಯಗಳನ್ನು ಮಾತ್ರ ಆರಿಸಿದರೆ 193, 257, 449, 577, 641. ಐದನೇ ಪ್ರಯತ್ನಕ್ಕೇ ಸಿಕ್ಕಿಬಿಡುತ್ತದೆ.

ಭಾಗಾಕಾರವನ್ನೇ ಮಾಡದೆ ಖಚಿತಪಡಿಸಿಕೊಳ್ಳುವ ದಾರಿಯೂ ಇದೆ. 641ನ್ನು ಎರಡು ರೀತಿ ಬರೆಯಬಹುದು:

641 = 5 × 2⁷ + 1
641 = 5⁴ + 2⁴ (625 ಮತ್ತು 16)

ಈಗ 641ರಿಂದ ಭಾಗಿಸಿದಾಗ ಉಳಿಯುವ ಶೇಷಗಳನ್ನು ಮಾತ್ರ ನೋಡೋಣ. ಮೊದಲ ಸಾಲಿನ ಪ್ರಕಾರ 5 × 2⁷ ಅಂದರೆ 640, 641ಕ್ಕೆ ಒಂದು ಕಡಿಮೆ. ಶೇಷ −1 ಅಂದುಕೊಳ್ಳಿ. ಇದರ ನಾಲ್ಕನೇ ಘಾತ ತೆಗೆದರೆ 5⁴ × 2²⁸, ಶೇಷ +1. ಎರಡನೇ ಸಾಲು ಹೇಳುವುದೇನು? 5⁴ ಇರುವ ಕಡೆ −2⁴ ಹಾಕಿದರೂ ಶೇಷ ಬದಲಾಗುವುದಿಲ್ಲ ಅಂತ. ಹಾಕಿ. −2⁴ × 2²⁸, ಅಂದರೆ −2³²ರ ಶೇಷ 1. ಹಾಗಾದರೆ 2³²ರ ಶೇಷ −1, 2³² + 1ರ ಶೇಷ ಸೊನ್ನೆ.

ಹತ್ತು ಅಂಕಿಯ ಸಂಖ್ಯೆಯನ್ನು ಮುಟ್ಟಲೇ ಇಲ್ಲ ನೋಡಿ. ಗಣಿತದಲ್ಲಿ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಅಚ್ಚುಕಟ್ಟಾದ ವಾದ ಓದಿದ್ದು ನನಗೆ ಕಡಿಮೆ.

ಇದಕ್ಕೆ ಒಟ್ಟು ಎಷ್ಟು ಭಾಜಕಗಳು?

128. ಏಳು ಬೇರೆ ಬೇರೆ ಅವಿಭಾಜ್ಯಗಳಿವೆ, ಪ್ರತಿಯೊಂದನ್ನೂ ತಗೋಬಹುದು ಇಲ್ಲವೇ ಬಿಡಬಹುದು, ಹಾಗಾಗಿ 2⁷. ಇಷ್ಟೆಲ್ಲ ಭಾಜಕಗಳಿದ್ದರೂ, ಸಂಖ್ಯೆಯನ್ನು ಬಿಟ್ಟು ಉಳಿದ 127ನ್ನು ಕೂಡಿಸಿದರೆ ಅದರ ಸುಮಾರು ಮುಕ್ಕಾಲು ಭಾಗವೂ ಬರುವುದಿಲ್ಲ. 2 ಭಾಜಕವಲ್ಲ, 3 ಒಂದೇ ಸಲ ಬರುತ್ತದೆ, ಅದೇ ಕಾರಣ.

ಇದನ್ನು ವರ್ಗಗಳ ಮೊತ್ತವಾಗಿ ಬರೆಯಬಹುದಾ?

ನಾಲ್ಕು ವರ್ಗ ಬೇಕೇ ಬೇಕು. ಮೂರರಲ್ಲಿ ಆಗುವುದಿಲ್ಲ. ಯಾವ ಪೂರ್ಣ ಸಂಖ್ಯೆಯ ವರ್ಗವನ್ನೂ 8ರಿಂದ ಭಾಗಿಸಿ, ಶೇಷ 0, 1 ಅಥವಾ 4 ಮಾತ್ರ. ಇವುಗಳಲ್ಲಿ ಮೂರನ್ನು ಹೇಗೆ ಕೂಡಿಸಿದರೂ ಶೇಷ 7 ಬರುವುದಿಲ್ಲ, ಬೇಕಾದರೆ ಪ್ರಯತ್ನಿಸಿ. ನಮ್ಮ ಸಂಖ್ಯೆ 8ರ ಗುಣಕಕ್ಕೆ ಒಂದು ಕಡಿಮೆ, ಹಾಗಾಗಿ ಶೇಷ 7. ನಾಲ್ಕು ವರ್ಗಗಳಲ್ಲಿ ಮಾತ್ರ ಎಲ್ಲ ಸಂಖ್ಯೆಯೂ ಬರುತ್ತದೆ ಅಂತ 1770ರಲ್ಲಿ ಲಗ್ರಾಂಜ್ ಸಾಧಿಸಿದ್ದಾನೆ.

ಚದುರಂಗದ ಅಕ್ಕಿ ನಿಜವಾಗಿ ಎಷ್ಟಾಗುತ್ತೆ?

ಕಥೆ ಎಲ್ಲರಿಗೂ ಗೊತ್ತು, 13ನೇ ಶತಮಾನದ ಲೇಖಕ ಇಬ್ನ್ ಖಲ್ಲಿಕಾನ್ ಬರೆದಿಟ್ಟ ಹೊತ್ತಿಗೇ ಅದು ಹಳೆಯದು. ಅಲ್ಲಿ ಗೋಧಿ, ನಮ್ಮ ಕಡೆ ಅಕ್ಕಿ. ಸಾವಿರ ಅಕ್ಕಿ ಕಾಳು ಸುಮಾರು 20 ಗ್ರಾಂ ತೂಗುತ್ತದೆ ಅಂತ ಇಟ್ಟುಕೊಳ್ಳಿ (ಸೋನಾ ಮಸೂರಿಯಂಥ ಸಣ್ಣಕ್ಕಿಯಾದರೆ ಇನ್ನೂ ಕಡಿಮೆ). ಮೊದಲ ಸಾಲಿನ ಎಂಟು ಮನೆಗೆ 255 ಕಾಳು, 5 ಗ್ರಾಂ. ಎರಡು ಸಾಲು ಮುಗಿದಾಗ ಒಂದು ಕೆಜಿ ಮುನ್ನೂರು ಗ್ರಾಂ. ಮೂರು ಸಾಲಿಗೆ ಮೂರೂವರೆ ಕ್ವಿಂಟಾಲ್‌ಗೆ ಹತ್ತಿರ. ನಾಲ್ಕು ಸಾಲು, ಅಂದರೆ ಅರ್ಧ ಹಲಗೆ ಮುಗಿದಾಗ 86 ಟನ್. ಇಲ್ಲಿಯವರೆಗೂ ದೊಡ್ಡ ಅಕ್ಕಿ ಗಿರಣಿಯೊಂದು ನಿಭಾಯಿಸಬಹುದು. ಪೂರ್ತಿ ಹಲಗೆಗೆ ಬೇಕಾಗುವುದು ಸುಮಾರು 37 ಸಾವಿರ ಕೋಟಿ ಟನ್. ಇಡೀ ಪ್ರಪಂಚದಲ್ಲಿ ಈಗ ವರ್ಷಕ್ಕೆ ಸುಮಾರು 50 ಕೋಟಿ ಟನ್ ಅಕ್ಕಿ ಬರುತ್ತದೆ. ಲೆಕ್ಕ ಹಾಕಿ, ಏಳುನೂರು ವರ್ಷಕ್ಕೂ ಜಾಸ್ತಿ ಆಯಿತು.

ಕಾಶಿಯ ದೇವಸ್ಥಾನದಲ್ಲಿ 64 ಚಿನ್ನದ ಬಿಲ್ಲೆ ಇವೆಯಂತೆ, ಎಲ್ಲ ಸರಿಸಿ ಮುಗಿದರೆ ಪ್ರಳಯವಂತೆ. ನಿಜವಾ?

ನಿಜವಲ್ಲ. 1883ರಲ್ಲಿ ಫ್ರಾನ್ಸಿನ ಗಣಿತಜ್ಞ ಎಡ್ವರ್ಡ್ ಲ್ಯೂಕಾ 'ಹನೋಯ್ ಗೋಪುರ' ಅನ್ನುವ ಆಟಿಕೆ ಹೊರತಂದ. ಆ ಆಟಿಕೆಯ ಜೊತೆ ಹರಡಿದ ಕಥೆ ಇದು. ಕಾಶಿಯ ಹೆಸರು ಇದೆ ಅನ್ನುವ ಒಂದೇ ಕಾರಣಕ್ಕೆ ನಮ್ಮ ಪುರಾಣ ಅಂತ ಹಂಚಬೇಡಿ ದಯವಿಟ್ಟು.

ಲೆಕ್ಕ ಮಾತ್ರ ನಿಜ. ಆಟದಲ್ಲಿ ಮೂರು ಕಂಬ; ಒಂದರ ಮೇಲಿರುವ ಬಿಲ್ಲೆಗಳನ್ನೆಲ್ಲ ಇನ್ನೊಂದಕ್ಕೆ ಸಾಗಿಸಬೇಕು, ಒಂದು ಸಲಕ್ಕೆ ಒಂದೇ ಬಿಲ್ಲೆ, ಚಿಕ್ಕದರ ಮೇಲೆ ದೊಡ್ಡದು ಇಡುವಂತಿಲ್ಲ. ಒಂದು ಬಿಲ್ಲೆಗೆ ಒಂದು ನಡೆ. ಇನ್ನೊಂದು ಬಿಲ್ಲೆ ಸೇರಿಸಿದರೆ ಮೇಲಿನದನ್ನೆಲ್ಲ ಪಕ್ಕಕ್ಕಿಟ್ಟು, ದೊಡ್ಡದನ್ನು ಸರಿಸಿ, ಮತ್ತೆ ಎಲ್ಲವನ್ನೂ ಮೇಲೆ ತರಬೇಕು, ಅಂದರೆ ಹಳೆಯದರ ದುಪ್ಪಟ್ಟು ಮತ್ತು ಒಂದು. 1, 3, 7, 15, ಹೀಗೆ 64 ಬಿಲ್ಲೆಗೆ ಸರಿಯಾಗಿ ನಮ್ಮ ಸಂಖ್ಯೆ. ಸೆಕೆಂಡಿಗೊಂದು ನಡೆಯಂತೆ ಸುಮಾರು 58 ಸಾವಿರದ 450 ಕೋಟಿ ವರ್ಷ. ವಿಶ್ವದ ವಯಸ್ಸು 1,380 ಕೋಟಿ ವರ್ಷ ಅಂತ ಈಗಿನ ಲೆಕ್ಕ, ಅದರ 42 ಪಟ್ಟು.

ಎಲ್ಲೋ ಸರ್ವರ್ ಲಾಗ್‌ನಲ್ಲಿ ಇದೇ ಸಂಖ್ಯೆ ಕಾಣಿಸಿತು. ಏನಾಗಿದೆ?

ಹೆಚ್ಚಾಗಿ ಅದು −1. ಗಾಬರಿ ಬೇಡ.

ದ್ವಿಮಾನ ಪದ್ಧತಿಯಲ್ಲಿ ಈ ಸಂಖ್ಯೆ ಬರೆದರೆ 64 ಒಂದುಗಳು, ಬೇರೇನೂ ಇಲ್ಲ. ಈಗಿನ ಕಂಪ್ಯೂಟರ್‌ಗಳು ಒಂದು ಪೂರ್ಣ ಸಂಖ್ಯೆಗೆ ಸಾಮಾನ್ಯವಾಗಿ 64 ಬಿಟ್ (0 ಅಥವಾ 1 ಹಿಡಿಸುವ ಜಾಗ) ಕೊಡುತ್ತವೆ. ಹಾಗಾಗಿ ಅಷ್ಟು ಜಾಗದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಇದೇ. ಇದಕ್ಕೆ ಒಂದು ಸೇರಿಸಿದರೆ ಹಳೇ ಸ್ಕೂಟರಿನ ಮೀಟರ್ ಸುತ್ತಿ ಬಂದ ಹಾಗೆ ಸೊನ್ನೆ ಆಗುತ್ತದೆ. ಒಂದು ಸೇರಿಸಿದರೆ ಸೊನ್ನೆ ಬರುವ ಸಂಖ್ಯೆಗೆ ಇನ್ನೊಂದು ಹೆಸರು −1 ತಾನೇ? ಕಂಪ್ಯೂಟರ್ ಕೂಡ −1ನ್ನು ಹೀಗೇ, 64 ಒಂದುಗಳಾಗಿ ಇಟ್ಟುಕೊಳ್ಳುತ್ತದೆ. "ಸಿಗಲಿಲ್ಲ" ಅಂತ ಹೇಳಲು ಯಾವುದೋ ಪ್ರೋಗ್ರಾಂ −1 ಕೊಟ್ಟಿರುತ್ತದೆ, ಅದನ್ನು ಚಿಹ್ನೆ ಇಲ್ಲದ ಸಂಖ್ಯೆ ಅಂದುಕೊಂಡು ಇನ್ನೊಂದು ಪ್ರೋಗ್ರಾಂ ಓದಿರುತ್ತದೆ. ಇಲ್ಲವೇ ಸೊನ್ನೆಯಿಂದ ಒಂದು ಕಳೆದಿರುತ್ತಾರೆ. ಅಲ್ಲಿ ಹುಡುಕಿ.

ಎಕ್ಸೆಲ್‌ನಲ್ಲಿ ಹಾಕಿದರೆ ಕೊನೆಯ ಅಂಕಿಗಳೆಲ್ಲ ಸೊನ್ನೆ ಆಗುತ್ತವೆ. ಯಾಕೆ?

ಎಕ್ಸೆಲ್ 15 ಅಂಕಿಯವರೆಗೆ ಮಾತ್ರ ಇಟ್ಟುಕೊಳ್ಳುತ್ತದೆ. ಬ್ರೌಸರ್‌ನ ಜಾವಾಸ್ಕ್ರಿಪ್ಟ್‌ನಲ್ಲಿ 2ರ 64ನೇ ಘಾತದಿಂದ ಒಂದು ಕಳೆದು ನೋಡಿ, 18446744073709552000 ಅಂತ ತೋರಿಸುತ್ತದೆ. ಅಲ್ಲಿ ಮಾಮೂಲಿ ಸಂಖ್ಯೆಗಳಿಗೆ 53 ಬಿಟ್‌ಗಳಷ್ಟೇ ನಿಖರತೆ, ಅಂದರೆ 9,00,71,99,25,47,40,992 ದಾಟಿದ ಮೇಲೆ ಒಂದು ಹೆಚ್ಚು ಕಡಿಮೆ ಆದರೂ ಅದಕ್ಕೆ ಗೊತ್ತಾಗುವುದಿಲ್ಲ. ನಮ್ಮ −1 ಅಲ್ಲೇ ಕಳೆದುಹೋಗಿ 2⁶⁴ ಉಳಿಯುತ್ತದೆ. ಆ ಒಂದು ಹೋದರೆ 3, 5, 17, 641 ಎಲ್ಲವೂ ಹೋದ ಹಾಗೆ, ಯಾಕೆಂದರೆ 2⁶⁴ನ್ನು ಭಾಗಿಸುವ ಅವಿಭಾಜ್ಯ 2 ಒಂದೇ. ಸಂಖ್ಯೆಗಳ ಗುಣ ನೋಡಬೇಕಾದರೆ ಪೈಥಾನ್ ಬಳಸಿ, ಅದು ಪೂರ್ಣ ಸಂಖ್ಯೆಗಳನ್ನು ಒಂದಂಕಿಯೂ ಬಿಡದೆ ಕೊಡುತ್ತದೆ.

ಮೇರು ಪ್ರಸ್ತಾರಕ್ಕೂ ಇದಕ್ಕೂ ಏನೋ ಸಂಬಂಧ ಇದೆಯಂತೆ?

ಇದೆ. ಮೇಲಿನ ಎರಡು ಸಂಖ್ಯೆ ಕೂಡಿಸಿ ಕೆಳಗೆ ಬರೆಯುತ್ತಾ ಹೋಗುವ ತ್ರಿಕೋನ, ಪಿಂಗಳನಿಗೆ ವ್ಯಾಖ್ಯಾನ ಬರೆದ 10ನೇ ಶತಮಾನದ ಹಲಾಯುಧ ವಿವರಿಸಿದ್ದು. ಶಾಲೆಯಲ್ಲಿ ಪಾಸ್ಕಲ್ ತ್ರಿಕೋನ ಅಂತ ಓದಿರುತ್ತೀರಿ. ಪ್ರತಿ ಸಾಲಿನಲ್ಲೂ ಬೆಸ ಇದ್ದ ಕಡೆ 1, ಸಮ ಇದ್ದ ಕಡೆ 0 ಬರೆದು, ಆ ಸಾಲನ್ನು ದ್ವಿಮಾನ ಸಂಖ್ಯೆಯಾಗಿ ಓದಿ. 1, 3, 5, 15, 17, 51, 85, 255, 257 ಅಂತ ಬರುತ್ತದೆ. 3, 5, 17, 257 ಅಲ್ಲೇ ಇವೆ ನೋಡಿ, ಉಳಿದವು ಅವುಗಳ ಗುಣಲಬ್ಧ. 64ನೇ ಸಾಲಿಗೆ ಬಂದಾಗ ಅಲ್ಲಿರುವ 64 ಸಂಖ್ಯೆಗಳೂ ಬೆಸ. ಅಂದರೆ 64 ಒಂದುಗಳು. ಅಂದರೆ ನಮ್ಮ ಸಂಖ್ಯೆ.

ಇಷ್ಟು ಭುಜಗಳಿರುವ ಸಮ ಬಹುಭುಜವನ್ನು (ಎಲ್ಲ ಭುಜ, ಎಲ್ಲ ಕೋನ ಒಂದೇ ಅಳತೆ) ಕೈವಾರ ಮತ್ತು ಪಟ್ಟಿಯಿಂದ ಎಳೆಯಬಹುದಾ?

ಕಾಗದದ ಮೇಲೆ ಹೇಗೂ ಆಗುವುದಿಲ್ಲ, ತಾತ್ವಿಕವಾಗಿಯೂ ಆಗುವುದಿಲ್ಲ. ಅಡ್ಡ ಬರುವುದು ಅದೇ 641 ಮತ್ತು 67,00,417. 1796ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಗೌಸ್, 17 ಭುಜದ ಸಮ ಬಹುಭುಜವನ್ನು ಬರೀ ಕೈವಾರ ಮತ್ತು ಪಟ್ಟಿಯಿಂದ ಎಳೆಯಬಹುದು ಅಂತ ಕಂಡುಹಿಡಿದ. ಭುಜಗಳ ಸಂಖ್ಯೆ ಬೆಸವಾಗಿದ್ದರೆ ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿರಲೇಬೇಕು, ಅದು ನಿಯಮ. ಗೊತ್ತಿರುವ ಐದರಿಂದ ಅಂಥ 31 ಸಂಖ್ಯೆ ಸಿಗುತ್ತವೆ, ಅವುಗಳಲ್ಲಿ ದೊಡ್ಡದು 4,29,49,67,295. ಅರ್ಧ ಹಲಗೆಯ ಅಕ್ಕಿ ಕಾಳುಗಳ ಲೆಕ್ಕವೂ ಅಷ್ಟೇ, ಎರಡೂ 2³² − 1.

ಇದಕ್ಕಿಂತ ದೊಡ್ಡ ಸಂಖ್ಯೆ ದಿನನಿತ್ಯ ಎಲ್ಲಾದರೂ ಸಿಗುತ್ತಾ?

ಸಿಗುತ್ತದೆ. ಮೂರು ಸಾಲಿನ ಮಾಮೂಲಿ ರೂಬಿಕ್ ಕ್ಯೂಬ್ ಇದರ ಎರಡೂಕಾಲು ಪಟ್ಟಿಗೂ ಜಾಸ್ತಿ ರೀತಿಯಲ್ಲಿ ನಿಲ್ಲಬಲ್ಲದು. ಒಂದು ಹನಿ ನೀರಿನಲ್ಲಿರುವ ಅಣುಗಳು ಇದರ ಸುಮಾರು 90 ಪಟ್ಟು.

ಇದರ ಅಕ್ಕಪಕ್ಕದ ಸಂಖ್ಯೆಗಳು ಹೇಗಿವೆ?

ಒಂದು ಹೆಚ್ಚಾದರೆ 2⁶⁴. ಭಾಜಕಗಳು 65, ಎಲ್ಲವೂ 2ರ ಘಾತಗಳೇ. ಎರಡು ಹೆಚ್ಚಾದರೆ 2⁶⁴ + 1, ಏಳನೇ ಫರ್ಮಾ ಸಂಖ್ಯೆ. ಅದಕ್ಕೆ ನಾಲ್ಕೇ ಭಾಜಕ. ಪಕ್ಕಪಕ್ಕದಲ್ಲಿ ನಿಂತ ಮೂರು ಸಂಖ್ಯೆ, ಭಾಜಕಗಳು 128, 65, 4. 2⁶⁴ + 1ಕ್ಕೆ a² − b² ನಡೆಯುವುದಿಲ್ಲ, ಅದನ್ನು ಒಡೆಯಲು ನಿಜವಾದ ಶ್ರಮವೇ ಬೇಕಾಯಿತು. 1880ರಲ್ಲಿ ಫ್ರಾನ್ಸಿನ ಲಾಂದ್ರಿ ತನ್ನ ಎಂಬತ್ತೆರಡನೇ ವಯಸ್ಸಿನಲ್ಲಿ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಅದರ ಅಪವರ್ತನಗಳನ್ನು ಪ್ರಕಟಿಸಿದ: 2,74,177 × 6,72,80,42,13,10,721. ಅದಕ್ಕೂ ಮೊದಲೇ, 1855ರಲ್ಲಿ ಥಾಮಸ್ ಕ್ಲೌಸೆನ್ ಅನ್ನುವ ಗಣಿತಜ್ಞನಿಗೂ ಇದು ಸಿಕ್ಕಿತ್ತು.

ನಮ್ಮ ಸಂಖ್ಯೆಗಿಂತ ಚಿಕ್ಕದಾದ, ಅದಕ್ಕೆ ಅತಿ ಹತ್ತಿರದ ಅವಿಭಾಜ್ಯ ಯಾವುದು?

1,84,46,74,40,73,70,95,51,557. 58 ಹೆಜ್ಜೆ ಹಿಂದೆ.